ಅಪರಿಚಿತ ಗಣಕದ ಭದ್ರತಾ ತಪಾಸಣೆ

ಹೆಬ್ಬಾಳದಿಂದ ಹೊರವರ್ತುಲ ರಸ್ತೆಯಲ್ಲಿ ಪೂರ್ವಕ್ಕೆ ಸಾಗಿದರೆ ನಾಗವಾರದ ಬಳಿ ಮಾನ್ಯತಾ ಟೆಕ್ ಪಾರ್ಕಿನ ಭವನಗಳು ಕಾಣುತ್ತವೆ. ಅಲ್ಲಿ ಕಚೇರಿಯುಳ್ಳ ಸಂಸ್ಥೆಗಳಲ್ಲಿ ಐಬಿಎಂ ಒಂದು. ಈ ಸಂಸ್ಥೆಯು 1988ರ ಜೂನ್ ತಿಂಗಳಿನಲ್ಲಿ 'ಎಎಸ್/400' ಎಂಬ ವ್ಯಾಪಾರೋಪಯೋಗಿ ಗಣಕವನ್ನು ಪ್ರಕಟಿಸಿತು. ಅದರ ಸಂತತಿಯು 'ಐಬಿಎಂ ಐ' ಎಂಬ ಹೆಸರಿನಿಂದ ಇಂದಿಗೂ ಅನೇಕ ದೇಶಗಳ ಬ್ಯಾಂಕು, ಕಾರ್ಖಾನೆ, ಉಗ್ರಾಣಗಳ ಲೆಕ್ಕಪತ್ರಗಳನ್ನು ನಡೆಸುತ್ತಿದೆ. ಆದರೆ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಲ್ಲುದು ವಿಂಡೋಸ್ ಮತ್ತು ಲಿನಕ್ಸ್‌ಗಳನ್ನು. ಭದ್ರತೆಯನ್ನು ಪರೀಕ್ಷಿಸಲು ಬರುವ ಆಡಿಟರುಗಳಲ್ಲಿಯೂ ಹಲವರ ಸ್ಥಿತಿ ಇದೇ. ತೊಡಕು ಹುಟ್ಟುವುದು ಇಲ್ಲಿಂದ.

ಆಡಿಟರ ಪ್ರಶ್ನಾವಳಿಯಲ್ಲಿ "ವೈರಸ್ ನಿರೋಧಕ ಎಲ್ಲಿದೆ?" ಎಂದಿರುತ್ತದೆ. ಈ ಗಣಕದಲ್ಲಿ ಪ್ರತಿಯೊಂದೂ ತನ್ನ ಜಾತಿಯನ್ನು ಗುರುತಿಸಿಕೊಂಡ 'ವಸ್ತು'. ದತ್ತಾಂಶದ ಕಡತವನ್ನು ಕಾರ್ಯಕ್ರಮವೆಂದು ಓಡಿಸಲು ಬಾರದು. ವಿಂಡೋಸ್ ವೈರಸ್ ಇಲ್ಲಿ ಓಡಲಾರದು. ಆದರೂ ಹಂಚಿಕೊಂಡ ಕಡತಕೋಶದಲ್ಲಿ ಅಡಗಿದ್ದು ಇತರ ಗಣಕಗಳಿಗೆ ದಾಟಬಲ್ಲದು. "ಹೌದು", "ಇಲ್ಲ" ಎಂಬೆರಡು ಉತ್ತರಗಳೂ ಅಪೂರ್ಣ. ಉಷ್ಣಮಾಪಕದಿಂದ ಒತ್ತಡವನ್ನು ಅಳೆಯಹೊರಟರೆ ಅಂಕಿಯೇನೋ ದೊರೆಯುತ್ತದೆ!

ನಿಜವಾದ ಅಪಾಯ ಬೇರೆಡೆ ಇದೆ. ಹಿಂದೆ ಗುಮಾಸ್ತನು ಪ್ರವೇಶಿಸಿದೊಡನೆ ತೆರೆಯ ಮೇಲೆ ಕೆಲಸಗಳ ಪಟ್ಟಿಯೊಂದು ಮೂಡುತ್ತಿತ್ತು. ಪಟ್ಟಿಯಲ್ಲಿಲ್ಲದ ಕೆಲಸವನ್ನು ಆತ ಮಾಡಲಾರ. ಆ ಕಾಲಕ್ಕೆ ಅದು ಸಾಕಾಗಿತ್ತು. ಇಂದಾದರೋ ಆತನು ಮೇಜಿನ ಮೇಲಿನ ಎಕ್ಸೆಲ್‌ನಿಂದ ಓಡಿಬಿಸಿ ಎಂಬ ಸಂಪರ್ಕದ ಮೂಲಕ ಸಂಬಳದ ಕಡತವನ್ನೇ ನೇರವಾಗಿ ಮುಟ್ಟಬಹುದು. ಈ ದಾರಿಯಲ್ಲಿ ಪಟ್ಟಿಯ ಕಾವಲಿಲ್ಲ. ಕಡತಕ್ಕೆ ತನ್ನದೇ ಆದ ಅಧಿಕಾರದ ಕಟ್ಟಿದ್ದರೆ ಮಾತ್ರ ತಡೆ. ಆಡಿಟರು ಕಾಗದವನ್ನು ನೋಡಿ ತೃಪ್ತರಾಗದೆ, ಗುಮಾಸ್ತನ ಹೆಸರಿನಿಂದಲೇ ಆ ದಾರಿಯಲ್ಲಿ ಹೋಗಿ ನೋಡಬೇಕೆಂದು ನಮ್ಮ ಅಭಿಪ್ರಾಯ. ಭೌತಶಾಸ್ತ್ರದಲ್ಲಿ ಇದನ್ನು ಪ್ರಯೋಗವೆನ್ನುತ್ತೇವೆ.

ಇಡೀ ಯಂತ್ರಕ್ಕೊಂದು 'ಭದ್ರತಾಮಟ್ಟ'ವೂ ಉಂಟು. 20ರಲ್ಲಿ ಗುಪ್ತಪದವನ್ನು ಕೇಳುತ್ತದೆ, ಆದರೆ ಒಳಹೊಕ್ಕವರಿಗೆ ಸಾಮಾನ್ಯವಾಗಿ ಎಲ್ಲವೂ ತೆರೆದಿರುತ್ತದೆ. 30ರಲ್ಲಿ ವಸ್ತುವಿಗೊಂದು ಅಧಿಕಾರ. 40ರಲ್ಲಿ ಕಾರ್ಯಕ್ರಮಗಳು ಕಾರ್ಯವ್ಯವಸ್ಥೆಯನ್ನು ಬಳಸಿಹೋಗದಂತೆ ತಡೆ. ಹಳೆಯ ಕಾರ್ಯಕ್ರಮಗಳು ಕೆಟ್ಟಾವೆಂಬ ಅಂಜಿಕೆಯಿಂದ ಮಟ್ಟವನ್ನು ಏರಿಸದೆ ಬಿಡುವುದುಂಟು.

ಇನ್ನು ದಾಖಲೆಗಳ ವಿಷಯ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಗಣಕವ್ಯವಸ್ಥೆಗಳ ಚಟುವಟಿಕೆಯ ದಾಖಲೆಗಳನ್ನು 180 ದಿನ ಕಾಪಾಡಬೇಕು. ಐಬಿಎಂ ಐ ಗಣಕದಲ್ಲಿ ಇದಕ್ಕಾಗಿ 'ಕ್ಯುಆಡ್‌ಜೆಆರ್‌ಎನ್' ಎಂಬ ದಿನಚರಿ ಇದೆ. ಅದನ್ನು ನಾವೇ ಸ್ಥಾಪಿಸಿ, ಏನನ್ನು ಬರೆಯಬೇಕೆಂದು ಅಪ್ಪಣೆ ಕೊಡದಿದ್ದರೆ ಅದು ಒಂದು ಸಾಲನ್ನೂ ಬರೆಯದು. ಆಡಿಟರು ಬಂದ ದಿನ ಅಪ್ಪಣೆ ಕೊಟ್ಟರೆ ಅಂದಿನಿಂದ ಬರೆಯತೊಡಗುತ್ತದೆ.