ತಲೆ ಹಿಡಿದವರು ಎಣಿಸಬೇಕು

ಪುನರ್ವಸು ಮಳೆ ಸ್ವಲ್ಪ ಬಿಡುವು ಕೊಟ್ಟರೆ ಮಲೆನಾಡಿನಲ್ಲಿ ಎರಡು ಕಡೆ ಗಡಿಬಿಡಿ ಶುರುವಾಗುತ್ತದೆ. ಒಂದು ಅಡಿಕೆ ತೋಟದಲ್ಲಿ, ಇನ್ನೊಂದು ಆಸ್ಪತ್ರೆಯ ಕ್ಯಾಷುವಾಲ್ಟಿಯಲ್ಲಿ. ಬಿಸಿಲು ಕಂಡ ಎರಡು ಗಂಟೆಯೊಳಗೆ ಕೊಳೆರೋಗಕ್ಕೆ ಬೋರ್ಡೋ ಹೊಡೆದು ಮುಗಿಸಬೇಕು. ಮರದ ಮೈ ಇನ್ನೂ ಒದ್ದೆ, ಕೈಯಿಟ್ಟಲ್ಲೆಲ್ಲ ಪಾಚಿ. ಕೊನೆಗಾರ ಕಾಲಿಗೆ ತಳೆ ಹಾಕಿಕೊಂಡು ಏರುತ್ತಾನೆ, ತುದಿಯಲ್ಲಿ ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟುತ್ತಾನೆ. ಕೆಳಗೆ ನಿಂತು ನೋಡುವವರಿಗೆ ಅದೊಂದು ಆಟದಂತೆ ಕಾಣುತ್ತದೆ. ದಾಟುವಾಗ ಕೈ ಜಾರಿದರೆ ಮಾತ್ರ ನಲವತ್ತು ಅಡಿ ಕೆಳಗೆ ನೆಲ.

ಅಂಥದೊಂದು ದಿನ ಸಂಜೆ ಆರಕ್ಕೆ ಪಿಕಪ್ ಒಂದು ಹಿಮ್ಮುಖವಾಗಿ ಬಂದು ನಮ್ಮ ಕ್ಯಾಷುವಾಲ್ಟಿಯ ಬಾಗಿಲಿಗೆ ನಿಂತಿತು. ಹಿಂದೆ ಮರದ ಹಲಗೆ, ಹಲಗೆಯ ಮೇಲೆ ನಲವತ್ತರ ಆಸುಪಾಸಿನ ಕೊನೆಗಾರ. ತಲೆಯ ಎರಡೂ ಪಕ್ಕ ಸುತ್ತಿದ ಕಂಬಳಿ, ಹಣೆಯ ಮೇಲಿಂದ ಹಲಗೆಗೆ ಬಿಗಿದ ಟವೆಲ್. ನನಗೆ ಆಶ್ಚರ್ಯವಾಯಿತು. ನಮ್ಮ ಕಡೆ ಬಿದ್ದವರು ಸಾಮಾನ್ಯವಾಗಿ ಬರುವುದು ಜೋಲಿಯಲ್ಲಿ. ಬಿದಿರಿಗೆ ಕಂಬಳಿ ಕಟ್ಟಿ, ಮನುಷ್ಯನನ್ನು ಬಾಳೆಕಾಯಿಯಂತೆ ಬಾಗಿಸಿ ತರುತ್ತಾರೆ. ಇಲ್ಲದಿದ್ದರೆ ಆಟೋದ ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಕೂರಿಸಿ, ತಲೆ ಎದೆಯ ಮೇಲೆ ತೂಗಾಡುತ್ತಿರುವಂತೆ. ದಾರಿಯುದ್ದಕ್ಕೂ ಯಾರಾದರೊಬ್ಬರು ನೀರು ಕುಡಿಸುತ್ತಿರುತ್ತಾರೆ. ಪ್ರೀತಿಯಿಂದಲೇ.

“ಹಲಗೆ ಯಾರ ಯೋಚನೆ?” ಎಂದು ಕೇಳಿದೆ. ಒಬ್ಬ ಹುಡುಗ ತಲೆ ತಗ್ಗಿಸಿದ. ಗಾರೆ ಕೆಲಸದವನಂತೆ. ಯಾವುದೋ ಕಟ್ಟಡದಲ್ಲಿ ಸುರಕ್ಷತೆಯ ತರಬೇತಿ ಕೊಟ್ಟಿದ್ದರಂತೆ.

ಕೊನೆಗಾರ ಮಾತಾಡುತ್ತಿದ್ದ. ಅಷ್ಟರಿಂದಲೇ ಉಸಿರಿನ ದಾರಿ ತೆರೆದಿದೆ ಎಂದು ತಿಳಿಯಿತು. ಪ್ರಜ್ಞೆ ತಪ್ಪಿ ಗೊರಕೆ ಹೊಡೆಯುತ್ತಿದ್ದರೆ ಗಲ್ಲ ಎತ್ತಿ ತಲೆ ಹಿಂದಕ್ಕೆ ವಾಲಿಸುವಂತಿಲ್ಲ. ದವಡೆಯ ಎರಡೂ ಮೂಲೆಗೆ ಬೆರಳಿಟ್ಟು ಅದನ್ನಷ್ಟೇ ಮುಂದಕ್ಕೆ ತಳ್ಳಬೇಕು. ಕುತ್ತಿಗೆ ಕದಲಕೂಡದು, ಆದರೆ ಉಸಿರು ನಿಲ್ಲಲೂ ಕೂಡದು. ಎರಡರಲ್ಲಿ ಒಂದನ್ನು ಆರಿಸುವ ಗಳಿಗೆ ಬಂದರೆ ಉಸಿರೇ ಮೊದಲು.

ಹೆಂಡತಿ ಬಾಗಿಲಲ್ಲಿ ನಿಂತು, “ಹೊಟ್ಟೆ ಮಾತ್ರ ಏರಿಳೀತದೆ ಡಾಕ್ಟ್ರೇ, ಎದೆ ಏಳೂದೇ ಇಲ್ಲ” ಅಂದಳು. ಸ್ಟೆತಾಸ್ಕೋಪ್ ಇಲ್ಲದೆ ಆಕೆ ರೋಗದ ಅರ್ಧ ಹೇಳಿ ಮುಗಿಸಿದ್ದಳು. ಪಕ್ಕೆಲುಬುಗಳ ನಡುವಿನ ಸ್ನಾಯುಗಳಿಗೆ ಎದೆಯ ಮಟ್ಟದ ನರಗಳಿಂದ ಅಪ್ಪಣೆ ಹೋಗುತ್ತದೆ. ವಪೆಗೆ ಮಾತ್ರ ಕತ್ತಿನ ಮೂರು, ನಾಲ್ಕು, ಐದನೆಯ ನರಗಳಿಂದ. ಪೆಟ್ಟು ಅದಕ್ಕಿಂತ ಕೆಳಗೆ ಬಿದ್ದರೆ ಎದೆಗೂಡು ಸುಮ್ಮನಾಗಿ, ವಪೆಯೊಂದೇ ದುಡಿಯುತ್ತದೆ. ಆ ನರಗಳಿಗಿಂತಲೂ ಮೇಲೆ ಬಿದ್ದಿದ್ದರೆ ಆತ ಹಲಗೆಯವರೆಗೂ ಬರುತ್ತಿರಲಿಲ್ಲ.

ನಾಡಿ 52. ರಕ್ತದೊತ್ತಡದ ಮೇಲಿನ ಅಂಕಿ 84. ರಕ್ತ ಸೋರಿ ಒತ್ತಡ ಇಳಿದವನ ನಾಡಿ ಓಡುತ್ತಿರುತ್ತದೆ, ಅಂಗೈ ತಣ್ಣಗಿರುತ್ತದೆ. ಈತನ ಪಾದ ಮಳೆಯಲ್ಲಿ ನೆನೆದು ಬಂದರೂ ಬೆಚ್ಚಗಿತ್ತು. ರಕ್ತನಾಳಗಳನ್ನು ಬಿಗಿಹಿಡಿಯುವ, ಹೃದಯವನ್ನು ಚುರುಕು ಮಾಡುವ ನರಗಳ ಅಪ್ಪಣೆ ಮೇಲಿನಿಂದ ಬರುವುದು ನಿಂತಿತ್ತು. ಹಾಗೆಂದು ಮೊದಲ ನೋಟಕ್ಕೇ ಎಲ್ಲವನ್ನೂ ಕುತ್ತಿಗೆಯ ತಲೆಗೆ ಕಟ್ಟುವುದು ಅಪಾಯ. ನಲವತ್ತು ಅಡಿಯಿಂದ ಬಿದ್ದವನ ಗುಲ್ಮವೂ ಒಡೆದಿರಬಹುದು, ಮತ್ತು ಹೊಟ್ಟೆಯ ಸ್ಪರ್ಶವೇ ಹೋದವನು ಅಲ್ಲಿ ನೋವೆಂದು ಹೇಳಲಾರ. ಹೊಟ್ಟೆಗೆ ಸ್ಕ್ಯಾನಿಂಗ್ ಯಂತ್ರ ಇಟ್ಟು, ಒಳಗೆ ರಕ್ತ ನಿಂತಿಲ್ಲವೆಂದು ನೋಡಿಕೊಂಡ ಮೇಲೆಯೇ ಕುತ್ತಿಗೆಗೆ ಬಂದೆವು. ಸಲೈನ್ ಮೇಲೆ ಸಲೈನ್ ಸುರಿಯುವುದನ್ನು ನಿಲ್ಲಿಸಿ, ನಾಳ ಬಿಗಿಯುವ ನಾರ್‌ಅಡ್ರಿನಲಿನ್ ಹನಿ ಶುರು ಮಾಡಿದೆವು. ಪೆಟ್ಟು ತಿಂದ ಬೆನ್ನುಹುರಿಗೆ ರಕ್ತವೂ ಕಡಿಮೆಯಾದರೆ ಉಳಿದ ಭಾಗವೂ ಸಾಯುತ್ತದೆ.

ಈಗ ಮಗ್ಗುಲಾಗಿಸಿ ಬೆನ್ನು ನೋಡಬೇಕು. ಕ್ಯಾಷುವಾಲ್ಟಿಯಲ್ಲಿ ಇದನ್ನು ಲಾಗ್ ರೋಲ್ ಅನ್ನುತ್ತಾರೆ, ದಿಮ್ಮಿ ಉರುಳಿಸಿದ ಹಾಗೆ. ಒಬ್ಬರು ತಲೆಗೆ, ಮೂವರು ಭುಜ, ಸೊಂಟ, ಮೊಣಕಾಲಿಗೆ. ಐದನೆಯವರು ಬೆನ್ನು ನೋಡುವುದಕ್ಕೆ. ಈ ಐವರಲ್ಲಿ ಡಾಕ್ಟರು ಯಾರು, ಆಯಾ ಯಾರು ಎನ್ನುವ ಲೆಕ್ಕವಿಲ್ಲ. ತಲೆ ಹಿಡಿದವರೇ ಯಜಮಾನರು. ಆ ದಿನ ತಲೆ ಹಿಡಿದವರು ಮೇಜಿಗೂ ಎಟುಕದಷ್ಟು ಗಿಡ್ಡನೆಯ ನಮ್ಮ ಸಿಸ್ಟರ್. ಸ್ಟೂಲಿನ ಮೇಲೆ ನಿಂತು, ಎರಡೂ ಅಂಗೈಯಲ್ಲಿ ಕಿವಿಗಳ ಪಕ್ಕ ತಲೆಯನ್ನು ಹಿಡಿದು, “ನಾನು ಮೂರು ಅಂದ ಮೇಲೆ. ಎರಡಕ್ಕಲ್ಲ” ಅಂದರು. ಹೊಸದಾಗಿ ಬಂದಿದ್ದ ಡಾಕ್ಟರು ಎರಡಕ್ಕೇ ಸೊಂಟ ಎಳೆದರು. “ನಿಲ್ಲಿ!” ಸಿಸ್ಟರ್ ಧ್ವನಿಗೆ ಇಡೀ ವಾರ್ಡು ನಿಂತಿತು. ಮತ್ತೆ ಒಂದರಿಂದ ಎಣಿಕೆ.

ಮೂರಕ್ಕೆ ಆತ ಒಂದೇ ದಿಮ್ಮಿಯಾಗಿ ತಿರುಗಿದ. ತಲೆಬುರುಡೆಯ ಬುಡದಿಂದ ಬಾಲದ ಮೂಳೆಯವರೆಗೆ ಒಂದೊಂದೇ ಮಣಿಯನ್ನು ಒತ್ತುತ್ತ ಬಂದೆ. ಕತ್ತಿನ ಕೆಳಭಾಗದಲ್ಲಿ ಬೆರಳು ಸಣ್ಣ ಮೆಟ್ಟಿಲೊಂದನ್ನು ಇಳಿದಂತಾಯಿತು. ಖಾಕಿ ಚಡ್ಡಿಯ ಹಿಂಜೇಬಿನಲ್ಲಿ ಸುಣ್ಣದ ಡಬ್ಬಿ. ಅದರ ಅಡಿ ಚರ್ಮಕ್ಕೆ ಒತ್ತಿ, ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಉಂಗುರ ಮೂಡಿಸಿತ್ತು. ತೋಟದಿಂದ ಇಲ್ಲಿವರೆಗೆ ಆತ ಅದರ ಮೇಲೆ ಮಲಗಿ ಬಂದಿದ್ದ. ತಿಳಿದಿರಲಿಲ್ಲ. ಸ್ಪರ್ಶ ಹೋದ ಚರ್ಮಕ್ಕೆ ಇಂಥ ಡಬ್ಬಿ ಸಾಕು, ಗಟ್ಟಿ ಹಲಗೆಯೂ ಸಾಕು. ಕೆಲವೇ ಗಂಟೆಗಳಲ್ಲಿ ಹುಣ್ಣಿಗೆ ಬುನಾದಿ ಬೀಳುತ್ತದೆ. ಹಲಗೆ ಇರುವುದು ಸಾಗಿಸುವುದಕ್ಕೆ, ಮಲಗಿಸಿಡುವುದಕ್ಕಲ್ಲ. ಅದೇ ಉರುಳಿನಲ್ಲಿ ಹಲಗೆ ಸರಿಸಿ ಹಾಸಿಗೆ ಸೇರಿಸಿದೆವು.

ಆಮೇಲೆ ಸೂಜಿಯ ಸರದಿ. “ಚುಚ್ತದಾ?” ಹೆಗಲಿಗೆ ಹೂಂ. ಹೆಬ್ಬೆರಳಿಗೆ ಹೂಂ. ನಡುಬೆರಳಿಗೆ, “ಏನೋ ಮುಟ್ಟಿದ ಹಂಗೆ.” ಕಿರುಬೆರಳಿಗೆ ಉತ್ತರವಿಲ್ಲ. ಮೊಣಕೈ ಮಡಿಸಿದ, ಮಣಿಕಟ್ಟು ಮೇಲಕ್ಕೆತ್ತಿದ. ಮಡಿಸಿದ ಮೊಣಕೈ ಚಾಚಲು ಹೇಳಿದರೆ ಆಗಲಿಲ್ಲ. ಎದೆಯ ಮೇಲೆ ಸ್ಪರ್ಶ ಉಳಿದಿದ್ದದ್ದು ಹೆಗಲಿಗೆ ಶಾಲು ಹೊದ್ದರೆ ಮುಚ್ಚುವಷ್ಟು ಜಾಗದಲ್ಲಿ. ಆ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ 6.40 ಎಂದು ಸಮಯ ಬರೆದೆ. ಒಳಗೆ ಬಾವು ಏರಿದರೆ ಆ ಅಂಚೂ ಗೆರೆ ದಾಟಿ ಮೇಲೇರುತ್ತದೆ. ಮುಂದೆ ನೋಡುವ ಡಾಕ್ಟರಿಗೆ ಚೀಟಿಗಿಂತ ಇದೇ ಭರವಸೆಯದ್ದು.

ಕೊನೆಯ ಪರೀಕ್ಷೆ ಮುಜುಗರದ್ದು. ಅದಕ್ಕೇ ಬಹಳ ಕಡೆ ಬಿಟ್ಟುಹೋಗುತ್ತದೆ. ಕೈಗವಸು ಹಾಕಿ ಗುದದ ಸುತ್ತ ಮುಟ್ಟಿ ನೋಡುವುದು. ಅಲ್ಲಿಯ ನರಗಳು ಹೊರಡುವುದು ಬೆನ್ನುಹುರಿಯ ತೀರಾ ತುದಿಯಿಂದ. ಅಲ್ಲಿ ಸ್ಪರ್ಶ ಉಳಿದಿದೆಯೆಂದರೆ ಹುರಿ ಜಜ್ಜಿದೆ, ಪೂರ್ತಿ ಕಡಿದಿಲ್ಲ. ಕಾಲೆರಡೂ ಮರದ ಕೊರಡಿನಂತೆ ಬಿದ್ದಿದ್ದ ಆತ, “ಅಲ್ಲಿ ಗೊತ್ತಾಗ್ತದೆ” ಅಂದ. ಆ ಸಂಜೆ ನಾವು ಕೇಳಿದ ಒಳ್ಳೆಯ ಸುದ್ದಿ ಅದೊಂದೇ.

ಇಷ್ಟೆಲ್ಲ ನಡೆಯುವಾಗ ಗೋಡೆಯ ಪಕ್ಕದ ಬೆಂಚಿನಲ್ಲಿ ಅಜ್ಜ ಒಬ್ಬರು ಕೂತಿದ್ದರು. ಎಪ್ಪತ್ತೆರಡು ವರ್ಷ. ಬಚ್ಚಲ ಕಲ್ಲಿನ ಮೇಲೆ ಜಾರಿ ಹಂಡೆಯ ಒಲೆಕಟ್ಟೆಗೆ ಹಣೆ ಬಡಿದಿತ್ತು. ಗಾಯದ ತುಂಬ ಕಾಫಿ ಪುಡಿ ತುಂಬಿದ್ದರು. ಮೊಮ್ಮಗನ ಬೈಕಿನ ಹಿಂದೆ ಕೂತು ಹದಿನೆಂಟು ಕಿಲೋಮೀಟರ್ ಬಂದಿದ್ದರು. “ಎರಡು ಹೊಲಿಗೆ, ಒಂದು ಟಿ.ಟಿ.” ಎಂದು ಚೀಟಿಯಲ್ಲಿ ಬರೆದಾಗಿತ್ತು. ಬರೆದವನು ನಾನೇ.

ಸಿಸ್ಟರ್ ಬಂದು ಮೆಲ್ಲಗೆ, “ಸಾರ್, ಆ ಅಜ್ಜ ಬಂದಾಗಿಂದ ಗಲ್ಲದಿಂದ ಕೈ ತೆಗೆದಿಲ್ಲ” ಅಂದರು.

ನೋಡಿದೆ. ಎರಡೂ ಅಂಗೈಯಲ್ಲಿ ಗಲ್ಲ ಆನಿಸಿಕೊಂಡು, ಚಿಂತೆಗೆ ಬಿದ್ದವರಂತೆ ಕೂತಿದ್ದರು. “ಎಂತದೂ ಇಲ್ಲ ಡಾಕ್ಟ್ರೇ. ಕೈ ಬಿಟ್ರೆ ತಲೆ ಬಿದ್ದೇ ಹೋಗ್ತದೇನೋ ಅನ್ನಿಸ್ತದೆ, ಅಷ್ಟೇ.”

ತನ್ನ ತಲೆಯನ್ನು ತಾನೇ ಕೈಯಲ್ಲಿ ಹಿಡಿದು ಬರುವ ರೋಗಿಗೆ ಹಳೆಯ ವೈದ್ಯಪುಸ್ತಕಗಳಲ್ಲಿ ಹೆಸರೇ ಇದೆ: ರಸ್ಟ್ ಲಕ್ಷಣ. ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಎದುರಿಗೇ ಕೂತಿದ್ದಾಗ ಕಣ್ಣಿಗೆ ಬಿದ್ದದ್ದು ಕಾಫಿ ಪುಡಿ ಮಾತ್ರ.

ಕೂತಲ್ಲೇ ಸಿಸ್ಟರ್ ಹಿಂದಿನಿಂದ ತಲೆ ಹಿಡಿದರು, ನಾಲ್ವರು ಸೇರಿ ಮಲಗಿಸಿದೆವು. ಬೆನ್ನು ಗೂನಾದ ಅಜ್ಜನನ್ನು ಚಪ್ಪಟೆಯಾಗಿ ಮಲಗಿಸಿದರೆ ತಲೆ ಹಿಂದಕ್ಕೆ ಜೋತು ಮುರಿತ ಬಾಯಿಬಿಡುತ್ತದೆ. ಅವರ ತಲೆ ಎಂದಿನಿಂದ ಹೇಗಿತ್ತೋ ಹಾಗೇ ಇರಬೇಕು. ಬೆಡ್‌ಶೀಟು ಮಡಿಸಿ ತಲೆಯಡಿಗಿಟ್ಟು, ಹೆಗಲಿನಿಂದ ದವಡೆಯವರೆಗೆ ಬೆರಳಲ್ಲಿ ಅಳೆದು ಕಾಲರ್ ಆರಿಸಿದೆವು.

ಯಾರ ಕುತ್ತಿಗೆಗೆ ಚಿತ್ರ ತೆಗೆಯಬೇಕು, ಯಾರಿಗೆ ಬೇಡ ಎನ್ನುವುದಕ್ಕೆ ಎರಡು ಪ್ರಸಿದ್ಧ ಜರಡಿಗಳಿವೆ. ಅಮೆರಿಕದ ನೆಕ್ಸಸ್ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಕುತ್ತಿಗೆಯ ನಟ್ಟನಡುವೆ ಒತ್ತಿದರೆ ನೋವಿದೆಯೇ, ಕೈಕಾಲಿನಲ್ಲಿ ಶಕ್ತಿ ಅಥವಾ ಸ್ಪರ್ಶ ಕಡಿಮೆಯಾಗಿದೆಯೇ, ಪೂರ್ತಿ ಎಚ್ಚರವಿದೆಯೇ, ಕುಡಿದಿದ್ದಾರೆಯೇ, ಗಮನವನ್ನೆಲ್ಲ ಸೆಳೆಯುವ ಬೇರೆ ನೋವಿನ ಗಾಯವಿದೆಯೇ? ಇಷ್ಟೇ. 34,069 ಮಂದಿಯಲ್ಲಿ 818 ಮಂದಿಗೆ ಕುತ್ತಿಗೆಯ ಪೆಟ್ಟಿತ್ತು. ಈ ಐದು ಪ್ರಶ್ನೆಗಳಿಂದ ತಪ್ಪಿಸಿಕೊಂಡವರು ಎಂಟೇ ಮಂದಿ. ಮರುವರ್ಷ ಬಂದ ಕೆನಡಾದ ನಿಯಮ ವಯಸ್ಸನ್ನೂ ಸೇರಿಸಿತು. 65 ತುಂಬಿದವರಿಗೆ ಬೇರೆ ಪ್ರಶ್ನೆಯೇ ಬೇಡ, ಚಿತ್ರ ತೆಗೆಯಿರಿ ಅನ್ನುತ್ತದೆ ಅದು. ಅಜ್ಜ ಎರಡರಲ್ಲೂ ಸಿಕ್ಕಿಬೀಳುತ್ತಿದ್ದರು, ಜರಡಿ ಹಿಡಿಯುವ ಬುದ್ಧಿ ನನಗೆ ಬಂದಿದ್ದರೆ.

ಆಗ ನಮ್ಮಲ್ಲಿ ಸಿ.ಟಿ. ಇರಲಿಲ್ಲ, ಎಕ್ಸ್‌ರೇಯಷ್ಟೇ. ಇಂದು ಸಿ.ಟಿ. ಇದ್ದಲ್ಲಿ ಎಕ್ಸ್‌ರೇಯನ್ನು ನಂಬಿ ಕೂರುವುದಿಲ್ಲ, ಕೂರಬಾರದು ಕೂಡ. ಕೊನೆಗಾರನ ಮೊದಲ ಚಿತ್ರದಲ್ಲಿ ಐದೇ ಮಣಿ ಕಂಡವು, ಉಳಿದವು ಹೆಗಲಿನ ನೆರಳಲ್ಲಿ. ಏಳೂ ಕಾಣದ ಚಿತ್ರ ಚಿತ್ರವೇ ಅಲ್ಲ. ಇಬ್ಬರು ಅವನ ಕೈಗಳನ್ನು ಪಾದದ ಕಡೆಗೆ ನಿಧಾನವಾಗಿ ಎಳೆದು ಹಿಡಿದ ಮೇಲೆ ಆರನೆಯದು ಏಳನೆಯದರ ಮೇಲೆ ಮುಂದಕ್ಕೆ ಜಾರಿ ಕೂತಿದ್ದು ಕಂಡಿತು. ಅಜ್ಜನಿಗೆ ಬಾಯಿ ತೆರೆಸಿ, ಹಲ್ಲುಗಳ ನಡುವಿನಿಂದ ತೆಗೆದೆವು. ಎರಡನೆಯ ಮಣಿಯಿಂದ ಹಲ್ಲಿನಂತೆಯೇ ಮೇಲೆದ್ದ ಗೂಟವೊಂದಿದೆ. ಅದರ ಸುತ್ತಲೇ ತಲೆ ಆಚೀಚೆ ತಿರುಗುವುದು. ಆ ಗೂಟದ ಬುಡದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ.

ಹಾಗಾದರೆ ಅಜ್ಜ ನಡೆದು ಬಂದದ್ದು ಹೇಗೆ? ಅಷ್ಟು ಮೇಲೆ ಬೆನ್ನುಹುರಿ ಇಳಿಯುವ ಮೂಳೆಯ ಕೊಳವೆ ವಿಶಾಲ. ಮೂರರಲ್ಲೊಂದು ಪಾಲು ಗೂಟ, ಒಂದು ಪಾಲು ಬೆನ್ನುಹುರಿ, ಒಂದು ಪಾಲು ಖಾಲಿ. ಆ ಖಾಲಿ ಜಾಗದಲ್ಲಿ ಅಜ್ಜ ಹದಿನೆಂಟು ಕಿಲೋಮೀಟರ್ ದಾಟಿದ್ದರು. ಜೊತೆಗೆ ಎರಡು ಕೈ.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. 1990ರ ಅಮೆರಿಕದ ಅಧ್ಯಯನವೊಂದರ ನಂತರ ಹುರಿಗೆ ಪೆಟ್ಟಾದವರಿಗೆಲ್ಲ ಮೀಥೈಲ್‌ಪ್ರೆಡ್ನಿಸಲೋನ್ ಎಂಬ ಸ್ಟೀರಾಯ್ಡನ್ನು ಒಂದು ದಿನವಿಡೀ ಹರಿಸುವುದು ಜಗತ್ತಿನ ರೂಢಿಯಾಯಿತು. ನಾನೂ ಎಷ್ಟೋ ಮಂದಿಗೆ ಹರಿಸಿದ್ದೇನೆ. ಆಮೇಲೆ ಲೆಕ್ಕ ಕೂಡಿಸಿದರೆ ಲಾಭ ಅನುಮಾನ, ಸೋಂಕು ಖಚಿತ. ಈಗ ಅದು ರೂಢಿಯಲ್ಲಿಲ್ಲ. ಏನನ್ನೋ ಕೊಟ್ಟೆವೆಂಬ ಸಮಾಧಾನ ಡಾಕ್ಟರಿಗೆ ಸಿಗುತ್ತಿತ್ತು, ಅಷ್ಟೇ. ಜಾರಿದ ಮಣಿಯನ್ನು ಬೇಗ, ಸಾಧ್ಯವಾದರೆ 24 ಗಂಟೆಯೊಳಗೆ, ಜಾಗಕ್ಕೆ ಕೂರಿಸಿ ಪ್ಲೇಟು ಸ್ಕ್ರೂ ಹಾಕುವುದೇ ಹೆಚ್ಚು ಫಲ ಕೊಟ್ಟ ದಾರಿ.

ರಾತ್ರಿ ಒಂಬತ್ತಕ್ಕೆ ಎರಡು 108 ಆಂಬುಲೆನ್ಸ್ ಒಂದರ ಹಿಂದೊಂದು ದೊಡ್ಡಾಸ್ಪತ್ರೆಗೆ ಹೊರಟವು. ಘಾಟಿ ಇಳಿಯಬೇಕು, ಮಳೆ ಮತ್ತೆ ಹಿಡಿದಿತ್ತು. “ನಿಧಾನ ಹೋದ್ರೂ ಪರವಾಗಿಲ್ಲ ಮಾರಾಯ, ಬ್ರೇಕ್ ಒಮ್ಮೆಲೇ ಒತ್ತಬೇಡ” ಎಂದು ಸಿಸ್ಟರ್ ಡ್ರೈವರಿಗೆ ಮೂರು ಸಲ ಹೇಳಿದರು.

ಅಜ್ಜ ಮೂರು ತಿಂಗಳು ಕಾಲರ್ ಹಾಕಿದರು. ಅದರ ಅಂಚಿಗೆಲ್ಲ ಕವಳದ ಕೆಂಪು ಹತ್ತಿತ್ತು. ಕೊನೆಗಾರನಿಗೆ ಆಪರೇಷನ್ ಆಯಿತು. ಎಂಟು ತಿಂಗಳ ಮೇಲೆ ವಾಕರ್ ಹಿಡಿದು ಬಂದ. ಬೆರಳುಗಳಿಗೆ ಇನ್ನೂ ಪೂರ್ತಿ ಬಲವಿಲ್ಲ, ಮಣಿಕಟ್ಟು ಮೇಲಕ್ಕೆ ಬಾಗಿಸಿದಾಗ ಹೆಬ್ಬೆರಳು ತೋರುಬೆರಳು ತಾವಾಗಿ ಕೂಡುತ್ತವಲ್ಲ, ಆ ಹಿಡಿತದಲ್ಲಿ ಚಮಚ ಹಿಡಿಯುವುದನ್ನು ಕಲಿತಿದ್ದ. ಅವನ ತೋಟದ ಯಜಮಾನರು ಈಗ ಕೆಳಗೆ ನಿಂತೇ ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿ ತಂದಿದ್ದಾರೆ.

ಮರದಿಂದ ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸಬೇಡಿ. ಒಬ್ಬರು ಮಂಡಿಯೂರಿ ಎರಡೂ ಕೈಯಲ್ಲಿ ತಲೆಯನ್ನು ಹೇಗಿದೆಯೋ ಹಾಗೇ ಹಿಡಿದುಕೊಳ್ಳಿ, ಬೇರೆಯವರು ಬಂದು ಹಿಡಿಯುವವರೆಗೆ ಬಿಡಬೇಡಿ. 108ಕ್ಕೆ ಫೋನ್ ಮಾಡಿದಾಗ ಮೊದಲ ಮಾತಿಗೇ “ಎತ್ತರದಿಂದ ಬಿದ್ದಿದ್ದಾರೆ, ಕುತ್ತಿಗೆಗೆ ಪೆಟ್ಟಿರಬಹುದು” ಅನ್ನಿ.