ಕಾಡ್ಗಿಚ್ಚಿನ ತರುವಾಯ

ಅಮರಕೋಶವನ್ನು ಬಾಯಿಪಾಠ ಮಾಡಿದ ವಾಚಕರಿಗೆ ‘ದವ’, ‘ದಾವ’ ಎಂಬೆರಡು ಶಬ್ದಗಳು ನೆನಪಿರಬಹುದು. ಇವೆರಡಕ್ಕೂ ಕಾಡೆಂಬುದೂ ಅರ್ಥ, ಕಾಡಿನ ಕಿಚ್ಚೆಂಬುದೂ ಅರ್ಥ. ಒಂದೇ ಶಬ್ದವು ಉರಿಯುವುದನ್ನೂ ಉರಿಸುವುದನ್ನೂ ಹೇಳುವುದು ವಿಚಿತ್ರವೆಂದು ನಾವು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದೆವು. ಕಾಡಿನಲ್ಲಿ ಬಿದಿರಿಗೆ ಬಿದಿರು ಉಜ್ಜಿ ಕಿಚ್ಚು ಹುಟ್ಟುವುದೆಂದು ವಿವರವನ್ನೂ ಕೊಟ್ಟೆವು. ಆದರೆ ಬೆಂದ ಕಾಡನ್ನು ಕಣ್ಣಾರೆ ಕಂಡದ್ದು ಈಚಿನ ಒಂದು ಬೇಸಿಗೆಯಲ್ಲಿ.

ಮಂಡ್ಯ, ಮದ್ದೂರುಗಳ ಕಡೆ ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಬೆಳೆದ ಬತ್ತ, ಕಬ್ಬುಗಳ ಹಸುರಿಗೆ ಕಣ್ಣು ಒಗ್ಗಿದವರಿಗೆ, ಅದೇ ಜಿಲ್ಲೆಯ ಆಗ್ನೇಯ ಮೂಲೆಯಲ್ಲಿ ಒಣಕಾಡೊಂದಿದೆಯೆಂಬುದು ಮರೆತೇಹೋಗಿರುತ್ತದೆ. ಆಗ್ನೇಯವು ಅಗ್ನಿಯ ದಿಕ್ಕೇ ತಾನೆ! ಮಳವಳ್ಳಿ ತಾಲ್ಲೂಕಿನ ಹಲಗೂರನ್ನು ದಾಟಿದರೆ ಕ್ರಮೇಣ ಹೊಲಗಳು ಮುಗಿದು ಗುಡ್ಡಗಾಡು ಮೊದಲಾಗುವುದು. ದಾರಿಯು ಕಾವೇರಿಯ ದಡದ ಮುತ್ತತ್ತಿಗೆ ಇಳಿಯುವುದು. ಈ ಅರಣ್ಯವು ೧೯೮೭ರಲ್ಲಿ ಸ್ಥಾಪಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು.

ಬೆಂಕಿಯು ಹಾದುಹೋಗಿ ಹತ್ತು ದಿನಗಳಾಗಿದ್ದವು. ಅರಣ್ಯ ಇಲಾಖೆಯವರ ಅನುಮತಿಯನ್ನು ಪಡೆದು, ವಯಸ್ಸಾದ ಕಾವಲುಗಾರನೊಬ್ಬನ ಸಂಗಡ ಒಳಹೊಕ್ಕೆವು. ಹೆಜ್ಜೆಯಿಟ್ಟಲ್ಲೆಲ್ಲ ಬೂದಿಯೆದ್ದು ಪಂಚೆಗೆ ಮೆತ್ತಿತು. ಬಿದ್ದ ದೊಡ್ಡ ಮರವೊಂದು ಪೂರ್ತಿ ಉರಿದುಹೋಗಿ, ಅದು ಮಲಗಿದ್ದ ಜಾಗದಲ್ಲಿ ಅದರದೇ ಆಕಾರದ ಬಿಳಿಯ ಬೂದಿಯ ಗೆರೆ ಮಾತ್ರ ಉಳಿದಿತ್ತು. ಒಂದು ಪೊಟರೆಯಲ್ಲಿ ಹೊಗೆ ಇನ್ನೂ ಸಣ್ಣಗೆ ಆಡುತ್ತಿತ್ತು. ಆದರೂ ದಿಂಡಿಗ, ಕಮರ ಮೊದಲಾದ ಮರಗಳು ಸೊಂಟದೆತ್ತರಕ್ಕೆ ಕಪ್ಪಾಗಿದ್ದರೂ ನಿಂತೇ ಇದ್ದವು. ಕೆಲವುಗಳಲ್ಲಿ ಚಿಗುರೂ ಕಂಡಿತು. ‘ಕಾಡು ಉಳಿದಿದೆಯಲ್ಲ!’ ಎಂದು ಸಮಾಧಾನಪಟ್ಟೆವು.

“ಮೇಲೆ ನೋಡಬೇಡಿ ಸ್ವಾಮಿ, ಕೆಳಗೆ ನೋಡಿ,” ಎಂದನು ಆ ಮುದುಕ.

ಕೆಳಗೆ ನೋಡಿದೆವು. ನಮ್ಮ ಒಣಕಾಡುಗಳಲ್ಲಿ ಕಿಚ್ಚು ಸಾಮಾನ್ಯವಾಗಿ ಮರದ ತುದಿಗೆ ಏರುವುದಿಲ್ಲ. ಒಣಹುಲ್ಲನ್ನೂ ತರಗೆಲೆಯನ್ನೂ ತಿನ್ನುತ್ತಾ ನೆಲದ ಮೇಲೆಯೇ ಓಡುವುದು. ದಪ್ಪ ತೊಗಟೆಯ ಹಿರಿಯ ಮರಗಳು ಬದುಕಿಕೊಳ್ಳುವುವು. ಎರಡು ಮೂರು ವರ್ಷದ ಸಸಿಗಳು, ನೆಲದಲ್ಲಿ ಮೊಟ್ಟೆಯಿಡುವ ಗೌಜಲಹಕ್ಕಿಯ ಗೂಡುಗಳು, ಓಡಲಾರದ ಆಮೆಗಳು ಇವಕ್ಕೆ ಉಪಾಯವಿಲ್ಲ. ಸುಟ್ಟ ಆಮೆಯ ಚಿಪ್ಪೊಂದು ನಮ್ಮ ಕಾಲಬಳಿಯಲ್ಲಿಯೇ ಬಿದ್ದಿತ್ತು. ನೂರು ಹೆಜ್ಜೆ ನಡೆದರೂ ಒಂದು ಎಳೆಯ ಗಿಡ ಕಾಣಲಿಲ್ಲ. ಬಾಳೆಲ್ಲ ಮಕ್ಕಳ ನಡುವೆ ಕಳೆದ ನಮಗೆ, ಹಿರಿಯರು ಮಾತ್ರವಿದ್ದು ಮಕ್ಕಳಿಲ್ಲದ ಊರನ್ನು ಹೊಕ್ಕಂತಾಯಿತು. ಒಂದು ಸಲದ ಕಿಚ್ಚಾದರೆ ಎಷ್ಟೋ ಸಸಿಗಳು ಬೇರಿನಿಂದ ಮತ್ತೆ ಚಿಗುರಿಯಾವು. ವರ್ಷವರ್ಷವೂ ಕಿಚ್ಚು ಬಿದ್ದರೆ ಸಸಿಯು ಮರವಾಗುವುದೆಂದು? ಈಗಿನ ಮರಗಳು ಮುಪ್ಪಿನಿಂದ ಬಿದ್ದ ದಿನ ಅವುಗಳ ಸ್ಥಾನದಲ್ಲಿ ನಿಲ್ಲುವವರಾರು?

“ಬಿದಿರು ಉಜ್ಜಿ ಹೊತ್ತಿತೇನಪ್ಪಾ?” ಎಂದು ಕೇಳಿದೆವು. ಅವನು ನಕ್ಕನು. “ಬಿದಿರು ಉಜ್ಜಿ ಹೊತ್ತಿದ್ದನ್ನು ನಾನು ಕಾಣೆ. ಬೆಂಕಿಕಡ್ಡಿ ಗೀರಿದ್ದನ್ನು ಕಂಡಿದ್ದೇನೆ. ಹುಡುಗನಾಗಿ ದನ ಕಾಯುತ್ತಿದ್ದಾಗ ನಾನೇ ಗೀರಿದ್ದೇನೆ. ಕರಿನೆಲದಲ್ಲಿ ಹೊಸಹುಲ್ಲು ಬೇಗ ಬರುತ್ತದೆ ನೋಡಿ.”

ನಾವು ನಿರುತ್ತರರಾದೆವು. ಮಾಘ ಫಾಲ್ಗುಣಗಳ ನಿರ್ಮಲಾಕಾಶದಲ್ಲಿ ಸಿಡಿಲೂ ಅಪರೂಪ. ಮೇವಿನಾಸೆ, ಆರಿಸದೆ ಎಸೆದ ಬೀಡಿ, ಹೊಲದಂಚಿನ ಕಸಕ್ಕೆ ಇಟ್ಟ ಬೆಂಕಿ, ಕೆಲವು ಕಡೆ ಹಗೆತನ: ನಮ್ಮ ನಾಡಿನ ಕಾಡ್ಗಿಚ್ಚುಗಳೆಲ್ಲ ಬಹುಮಟ್ಟಿಗೆ ಮನುಷ್ಯನ ಕೈಯಿಂದಲೇ ಹುಟ್ಟಿದವು. ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತ ಹಬ್ಬಿದ ಕಿಚ್ಚು ೧೦,೦೦೦ ಎಕರೆಗೂ ಮಿಕ್ಕ ಕಾಡನ್ನು ಸುಟ್ಟಿತು. ವಾಯುಸೇನೆಯ ಹೆಲಿಕಾಪ್ಟರುಗಳು ನೀರನ್ನು ಹೊತ್ತು ಸುರಿಯಬೇಕಾಯಿತು. ಅದಕ್ಕೆ ಎರಡು ವರ್ಷ ಮೊದಲು, ೨೦೧೭ರಲ್ಲಿ, ಅದೇ ಬಂಡೀಪುರದಲ್ಲಿ ಕಿಚ್ಚನ್ನಾರಿಸಲು ಹೋದ ಅರಣ್ಯರಕ್ಷಕನೊಬ್ಬನು ಪ್ರಾಣವನ್ನೇ ತೆತ್ತನು. ಬೆಂಕಿಕಡ್ಡಿಯ ಬೆಲೆ ಎಷ್ಟು, ಅದರ ಫಲವೆಷ್ಟು!

ಮೇವಿನ ಲಾಭವೂ ಕೆಲವು ವಾರಗಳದೇ. ಸುಟ್ಟ ನೆಲದಲ್ಲಿ ಲಂಟಾನದ ಪೊದೆಯು ಬುಡದಿಂದ ಚಿಗುರಿ ಹಬ್ಬುವುದು. ದನವು ಅದನ್ನು ಮುಟ್ಟದು. ಮುಂದಿನ ಬೇಸಿಗೆಗೆ ಅದೇ ಸೌದೆಯಾಗುವುದು. ಮೊದಲ ಮಳೆಯು ಹೊದಿಕೆಯಿಲ್ಲದ ಮೇಲ್ಮಣ್ಣನ್ನು ಹಳ್ಳಗಳ ಮೂಲಕ ಕಾವೇರಿಗೆ ಒಯ್ಯುವುದು. ಅರಣ್ಯದವರು ಬೇಸಿಗೆಗೆ ಮುಂಚೆಯೇ ಪಟ್ಟೆಪಟ್ಟೆಯಾಗಿ ಹುಲ್ಲನ್ನು ಸವರಿ ಬೆಂಕಿರೇಖೆಗಳನ್ನು ಮಾಡುವರು; ಕಿಚ್ಚೆದ್ದರೆ ಹಸಿಯ ಸೊಪ್ಪಿನ ಕೊಂಬೆಗಳಿಂದ ಬಡಿಯುವರು. ಊರವರ ನೆರವಿಲ್ಲದೆ ಇಷ್ಟರಿಂದಲೇ ಕಾಡು ಉಳಿಯಲಾರದು.

ಸಂಜೆ ಮುತ್ತೆತ್ತರಾಯನ ಗುಡಿಯ ಬಳಿ ಹೊಳೆಗಿಳಿದೆವು. ದಡದ ಮತ್ತಿಮರಗಳು ಹಸುರಾಗಿದ್ದವು. ಸೀತಾದೇವಿಯ ಮೂಗುತಿಯ ಮುತ್ತು ಇಲ್ಲಿ ನೀರಿಗೆ ಬೀಳಲು, ಹನುಮಂತನು ಬಾಲದಿಂದ ಎತ್ತಿಕೊಟ್ಟನೆಂದು ಸ್ಥಳಪುರಾಣ. ಲಂಕೆಯನ್ನು ಸುಟ್ಟದ್ದೂ ಅದೇ ಬಾಲವೇ. ಸ್ವಾಮಿಯ ದರ್ಶನಕ್ಕೆ ಬಂದ ಕುಟುಂಬವೊಂದು ಮೂರು ಕಲ್ಲಿನ ಒಲೆಯಲ್ಲಿ ಅಡಿಗೆ ಮಾಡಿ ಉಂಡು ಹೊರಡುವುದರಲ್ಲಿತ್ತು. ಮನೆಯ ಹಿರಿಯಾಕೆ ಹಿಂದಿರುಗಿ ಬಂದು, ಬೂದಿ ಮುಚ್ಚಿದ ಕೆಂಡದ ಮೇಲೆ ಎರಡು ಕೊಡ ಹೊಳೆನೀರನ್ನು ಸುರಿದಳು. ಯಾರೂ ಆಕೆಗೆ ಹೇಳಿಕೊಟ್ಟಂತೆ ಕಾಣಲಿಲ್ಲ.

ನಾವು ಮಾತ್ರ ಮನೆಗೆ ಬಂದವರೇ ಮೊಮ್ಮಕ್ಕಳನ್ನು ಕರೆದು, ಬಿದಿರಿನ ಹಳೆಯ ಪಾಠವನ್ನು ತಿದ್ದಿ ಹೇಳಿದೆವು. ನಮ್ಮಲ್ಲಿ ಓದಿಹೋದ ಶಿಷ್ಯರೂ ಈ ಪುಟವನ್ನು ನೋಡಿ ತಿದ್ದಿಕೊಳ್ಳಬೇಕೆಂದು ನಮ್ಮ ಕೋರಿಕೆ.