ಗುಂಗುರಿನಿಂದ ಗರಿಗರಿಗೆ

ಕೆಂಡದ ಮೇಲೆ ಉದ್ದಿನ ಹಪ್ಪಳ ಸುಡುವಾಗ ಗಮನಿಸಿ. ಮೊದಲು ಅಂಚು ಸುರುಟಿಕೊಳ್ಳುತ್ತದೆ, ಮೈತುಂಬ ಗುಳ್ಳೆ ಏಳುತ್ತದೆ, ತಿರುವಿ ಹಾಕುವಷ್ಟರಲ್ಲಿ ಗರಿಗರಿ. ಇಂಗ್ಲಿಷಿನ ‘ಕ್ರಿಸ್ಪ್’ ಪದ ನಡೆದುಬಂದ ದಾರಿಯೂ ಇದೇ. ಅದರ ಬೇರು ಲ್ಯಾಟಿನ್ನಿನ ‘ಕ್ರಿಸ್ಪಸ್’, ಅಂದರೆ ಗುಂಗುರು. ಹಳೆಯ ಇಂಗ್ಲಿಷಿನಲ್ಲಿ ಅದು ಗುಂಗುರು ಕೂದಲಿಗೆ ಸಲ್ಲುತ್ತಿತ್ತು. ಷೇಕ್ಸ್‌ಪಿಯರ್ ‘ದಿ ಟೆಂಪೆಸ್ಟ್’ ನಾಟಕದಲ್ಲಿ ಹರಿಯುವ ತೊರೆಗೆ ಈ ವಿಶೇಷಣ ಕೊಟ್ಟಿದ್ದಾನೆ. ನೀರಿನ ಮೇಲಿನ ಸಣ್ಣ ಅಲೆಗಳ ಸುಕ್ಕು ಅವನ ಕಣ್ಣಲ್ಲಿತ್ತು. ಮುಟ್ಟಿದರೆ ಮುರಿಯುವ ಅರ್ಥ ಸೇರಿದ್ದು 16ನೇ ಶತಮಾನದಲ್ಲಿ. ತೆಳ್ಳನೆಯ ತಿನಿಸು ಬೇಯುವಾಗ ಸುರುಟುತ್ತದಲ್ಲ, ಅಲ್ಲಿಂದ ಬಂದಿರಬಹುದೆಂದು ನಿಘಂಟುಕಾರರ ಊಹೆ. ಹಪ್ಪಳ ಸುಟ್ಟ ಯಾರೂ ಅದನ್ನು ತಳ್ಳಿಹಾಕಲಾರರು.

‘ಕ್ರಿಸ್ಪ್’ ಬೇರೆ, ‘ಕ್ರಂಚಿ’ ಬೇರೆ. ಹಲ್ಲು ತಾಗಿದೊಡನೆ ತೆಳುವಾದ ಏರುದನಿಯಲ್ಲಿ ಮುರಿದರೆ ಕ್ರಿಸ್ಪ್. ಕೋಡುಬಳೆಯಂತೆ ಮತ್ತೆ ಮತ್ತೆ ಅಗಿಯಬೇಕಾದರೆ, ಸದ್ದು ದಪ್ಪವಾದರೆ ಕ್ರಂಚಿ. ದೋಸೆ ಗರಿಗರಿಯಾಗುವುದು ನೀರು ಆರಿ ಹೋಗಿ. ಎಳೆ ಸೌತೆಕಾಯಿ ‘ಕ್ರಿಸ್ಪ್’ ಅನ್ನಿಸಿಕೊಳ್ಳುವುದು ಅದರ ಜೀವಕೋಶಗಳಲ್ಲಿ ನೀರು ಬಿಗಿಯಾಗಿ ತುಂಬಿಕೊಂಡು. ಎರಡು ವಿರುದ್ಧ ಕಾರಣಗಳಿಗೆ ಒಂದೇ ಪದ!

ಈ ಗುಣ ನಾಲಿಗೆಗಿಂತ ಕಿವಿಗೆ ಹತ್ತಿರ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾಸಿಮಿಲಿಯಾನೊ ಝಾಂಪಿನಿ, ಚಾರ್ಲ್ಸ್ ಸ್ಪೆನ್ಸ್ ಆಲೂಗಡ್ಡೆ ಚಿಪ್ಸ್ ತಿನ್ನುವವರಿಗೆ ಹೆಡ್‌ಫೋನ್ ಹಾಕಿ, ಅವರವರ ಕಡಿತದ ಸದ್ದನ್ನೇ ಏರಿಸಿ ಕೇಳಿಸಿದರು. ಸದ್ದು, ಅದರಲ್ಲೂ ಅದರ ಏರುದನಿಯ ಭಾಗ ಜೋರಾದಾಗ ಅಂಥದೇ ಚಿಪ್ಸ್ ಹೆಚ್ಚು ತಾಜಾ, ಹೆಚ್ಚು ಗರಿಗರಿ ಅನ್ನಿಸಿತು. 2004ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ 2008ರಲ್ಲಿ ‘ಇಗ್ ನೊಬೆಲ್’ ಎಂಬ ವಿನೋದದ ಪ್ರಶಸ್ತಿ ಬಂತು.

ಅನುವಾದಕರು ಎಡವುವುದು ಈ ಪದವನ್ನು ಕನ್ನಡಕ್ಕೆ ತರುವಾಗ. ಹೊಸ ನೋಟು, ಗಂಜಿ ಹಾಕಿದ ಅಂಗಿ, ದೋಸೆ ಇವಕ್ಕೆ ನಮ್ಮ ‘ಗರಿಗರಿ’ ಅಚ್ಚೊತ್ತಿದಂತೆ ಹೊಂದುತ್ತದೆ. ಆದರೆ ಇಂಗ್ಲಿಷಿನವರು ಒಣ ಚಳಿಯ ತಿಳಿ ಬೆಳಗನ್ನೂ, ನೇರ ಮಾತನ್ನೂ ‘ಕ್ರಿಸ್ಪ್’ ಅನ್ನುತ್ತಾರೆ. ಅವನ್ನು ‘ಗರಿಗರಿ ಬೆಳಗು’, ‘ಗರಿಗರಿ ಮಾತು’ ಎಂದರೆ ಕನ್ನಡ ಒಪ್ಪದು. ಬೆಳಗಿಗೆ ‘ಚುಮುಚುಮು ಚಳಿ’ ಇದೆ, ಮಾತಿಗೆ ‘ಚುಟುಕು’, ‘ಅಚ್ಚುಕಟ್ಟು’ ಇವೆ.

ತಿಂಡಿಯ ಪಟ್ಟಿಗಳಲ್ಲಿ ಈಗ ‘ಕ್ರಿಸ್ಪಿ ದೋಸೆ’ ಕಾಣುತ್ತಿದೆ. ಹೋಟೆಲಿನವರಲ್ಲಿ ನನ್ನದೊಂದು ಕೋರಿಕೆ: ದಯವಿಟ್ಟು ಅಲ್ಲಿ ‘ಗರಿಗರಿ’ ಎಂದೇ ಬರೆಸಿ.